ಬಿದ್ದವನು ನಮ್ಮವನೇ, ನೋವು ಮಾತ್ರ ಸುಳ್ಳು

ಹವ್ಯಾಸಿ ಲೀಗ್‌ನಲ್ಲಿ ಆಡುವ ಫುಟ್‌ಬಾಲ್ ತಂಡವೊಂದರ ಕ್ಯಾಪ್ಟನ್ ಬರೆದ ಪತ್ರದ ಸಾರ ಇದು: "ನಮ್ಮ ಸ್ಟ್ರೈಕರ್ ಒಳ್ಳೆಯ ಆಟಗಾರ. ಆದರೆ ಎದುರಾಳಿಯ ಕೈ ಭುಜಕ್ಕೆ ತಾಗಿದರೆ ಸಾಕು, ಮುಖ ಹಿಡಿದುಕೊಂಡು ಮೂರು ಸುತ್ತು ಉರುಳುತ್ತಾನೆ. ನಾವು ಮುಂದಿದ್ದರಂತೂ ಏಳುವುದೇ ಇಲ್ಲ. ಉಳಿದವರು ರೆಫರಿಯನ್ನು ಸುತ್ತುವರಿದು ಕಾರ್ಡ್ ಕೇಳುತ್ತಾರೆ. ಕೋಚ್ ಇದನ್ನು ಜಾಣತನ ಅನ್ನುತ್ತಾರೆ. ಅವನನ್ನು ಅಲ್ಲೇ ಬೈದರೆ ತಂಡ ಒಡೆಯುತ್ತದೆ, ಸುಮ್ಮನಿದ್ದರೆ ನಾನೂ ಪಾಲುದಾರ. ರೆಫರಿಗೆ ನಿಜ ಹೇಳಿಬಿಡಲೇ? ಎದುರು ತಂಡದವನು ಬಿದ್ದಾಗ ನಾವು ಚೆಂಡನ್ನು ಹೊರಗೆ ಹೊಡೆಯಲೇಬೇಕೇ?" ಹೆಸರು ಹಾಕಬೇಡಿ ಎಂದು ಕೋರಿದ್ದಾರೆ, ಹಾಕಿಲ್ಲ.

ಪ್ರಿಯ ಕ್ಯಾಪ್ಟನ್,

ಸ್ಟ್ರೈಕರ್ ವಿಷಯ ಆಮೇಲೆ. ಮೊದಲು ರೆಫರಿಯನ್ನು ಸುತ್ತುವರಿಯುವ ನಿಮ್ಮ ಉಳಿದ ಹುಡುಗರ ವಿಷಯ ಮಾತಾಡೋಣ, ಏಕೆಂದರೆ ನಾಟಕ ನಿಂತಿರುವುದೇ ಅವರ ಬಲದ ಮೇಲೆ. ಒಬ್ಬನೇ ಬಿದ್ದು ಹೊರಳಿದರೆ ರೆಫರಿಯ ಮುಂದಿರುವುದು ಒಂದು ದೂರು. ನಾಲ್ವರು ಓಡಿಬಂದು ಕಾರ್ಡ್ ಕೇಳಿದರೆ ಅದೇ ದೂರಿಗೆ ನಾಲ್ಕು ಸಾಕ್ಷಿ ಹುಟ್ಟಿಕೊಂಡವು. ಆ ನಾಲ್ವರಲ್ಲಿ ಮೂವರು ಘಟನೆಯನ್ನು ನೋಡಿಯೇ ಇರುವುದಿಲ್ಲ. ಹಾಗಾಗಿ ನಮ್ಮ ಸಲಹೆ ಇಷ್ಟು: ವಿಚಾರಿಸಲು ಹೋದವನು ಗಾಯ ನಿಜವೆಂದೇ ನಂಬಿ ವಿಚಾರಿಸಲಿ, ಉಳಿದವರು ಸೀಟಿ ಕೇಳಿಸುವವರೆಗೆ ಆಡುತ್ತಲೇ ಇರಲಿ, ದೂರಿಗೆ ಮಾತ್ರ ಯಾರೂ ದನಿಗೂಡಿಸದಿರಲಿ. ಅವನು ನಟಿಸಿದನೋ ಇಲ್ಲವೋ ಎಂಬ ವಿಚಾರಣೆಯನ್ನು ಪಂದ್ಯ ಮುಗಿದ ಮೇಲೆ ಇಟ್ಟುಕೊಳ್ಳಿ.

ದನಿಗೂಡಿಸುವುದು ಎಲ್ಲಿಗೆ ಮುಟ್ಟಬಹುದು ಎಂಬುದಕ್ಕೆ 1989ರ ಸೆಪ್ಟೆಂಬರ್ 3ರಂದು ಮರಕಾನಾ ಕ್ರೀಡಾಂಗಣದಲ್ಲಿ ನಡೆದ ಬ್ರೆಜಿಲ್–ಚಿಲಿ ವಿಶ್ವಕಪ್ ಅರ್ಹತಾ ಪಂದ್ಯ ನೋಡಿ. ಬ್ರೆಜಿಲ್ 1–0 ಮುಂದಿತ್ತು. ಪ್ರೇಕ್ಷಕರ ಕಡೆಯಿಂದ ಉರಿಯುವ ಫ್ಲೇರ್ ಒಂದು ಬಂದು ಬಿತ್ತು. ಚಿಲಿಯ ಗೋಲ್‌ಕೀಪರ್ ರೊಬರ್ಟೊ ರೋಹಾಸ್ ಮುಖ ಹಿಡಿದು ಕುಸಿದರು, ರಕ್ತವೂ ಸುರಿಯಿತು. ಸಹ ಆಟಗಾರರು ಅವರನ್ನು ಎತ್ತಿಕೊಂಡು ಹೊರಗೆ ನಡೆದರು, ಮತ್ತೆ ಆಡಲು ಬರಲೇ ಇಲ್ಲ. ಫ್ಲೇರ್ ಅವರಿಗೆ ತಾಗಿಯೇ ಇರಲಿಲ್ಲ ಎಂಬುದನ್ನು ಆಮೇಲೆ ಛಾಯಾಚಿತ್ರಗಳು ತೋರಿಸಿದವು. ಗ್ಲೋವ್‌ನಲ್ಲಿ ಬಚ್ಚಿಟ್ಟುಕೊಂಡಿದ್ದ ಬ್ಲೇಡಿನಿಂದ ರೋಹಾಸ್ ತಾವೇ ಕುಯ್ದುಕೊಂಡಿದ್ದರು. ಫಿಫಾ ಪಂದ್ಯವನ್ನು 2–0 ಎಂದು ಬ್ರೆಜಿಲ್‌ಗೆ ಕೊಟ್ಟಿತು. ರೋಹಾಸ್ ಮೇಲೆ ಆಜೀವ ನಿಷೇಧ ಬಿತ್ತು, ಅದನ್ನು ತೆಗೆದದ್ದು 2001ರಲ್ಲಿ. ಚಿಲಿ ತಂಡವನ್ನು 1994ರ ವಿಶ್ವಕಪ್‌ನ ಅರ್ಹತಾ ಸುತ್ತಿನಲ್ಲೂ ಆಡಲು ಬಿಡಲಿಲ್ಲ. ಗಾಯಾಳುವನ್ನು ಎತ್ತಿಕೊಂಡು ಹೋದದ್ದರಲ್ಲಿ ಆಟಗಾರರ ತಪ್ಪೇನೂ ಇಲ್ಲ, ರಕ್ತ ಕಂಡವರು ಬೇರೇನು ಮಾಡಿಯಾರು? ಕೀಪರ್‌ನನ್ನು ವೈದ್ಯರಿಗೆ ಒಪ್ಪಿಸಿ ಉಳಿದವರು ರೆಫರಿಯ ತೀರ್ಮಾನಕ್ಕೆ ಕಾಯಬೇಕಿತ್ತು. ಅದನ್ನು ಬಿಟ್ಟು ಆ ಗಾಯವನ್ನೇ ಮುಂದಿಟ್ಟುಕೊಂಡು ಪಂದ್ಯ ತೊರೆದದ್ದರಿಂದ ಒಬ್ಬನ ಮೋಸ ಇಡೀ ತಂಡದ ಮೋಸವಾಯಿತು.

ಇನ್ನು ನಿಯಮ. ಗಾಯವಾದಂತೆ ಅಥವಾ ಫೌಲ್ ಆದಂತೆ ನಟಿಸಿ ರೆಫರಿಯನ್ನು ವಂಚಿಸಲು ನೋಡುವುದು ಫುಟ್‌ಬಾಲ್ ನಿಯಮಾವಳಿಯ 12ನೇ ನಿಯಮದ ಪ್ರಕಾರ ಹಳದಿ ಕಾರ್ಡಿನ ಅಪರಾಧ. ಅದಕ್ಕಾಗಿ ಆಟ ನಿಲ್ಲಿಸಿದರೆ ಎದುರಾಳಿಗೆ ಇನ್‌ಡೈರೆಕ್ಟ್ ಫ್ರೀ ಕಿಕ್ (ಒದ್ದ ಚೆಂಡು ಇನ್ನೊಬ್ಬ ಆಟಗಾರನಿಗೆ ತಾಗದೆ ನೇರ ಗೋಲ್ ಆಗದ ಒದೆತ). ಇದು ಎಲ್ಲರಿಗೂ ಗೊತ್ತು. ನಿಮ್ಮ ಕೆಲಸಕ್ಕೆ ಹೆಚ್ಚು ಬೇಕಾದದ್ದು 5ನೇ ನಿಯಮ, ಅದನ್ನು ತಂಡದವರಿಗೆಲ್ಲ ಓದಿಸಿ. ಗಾಯ ಸಣ್ಣದಾದರೆ ಚೆಂಡು ಹೊರಗೆ ಹೋಗುವವರೆಗೆ ರೆಫರಿ ಆಟ ನಿಲ್ಲಿಸುವುದಿಲ್ಲ. ಫಿಸಿಯೊ, ಅಂದರೆ ತಂಡದ ಚಿಕಿತ್ಸಕ, ಒಳಗೆ ಬಂದರೋ, ಆಟಗಾರ ಹೊರಗೆ ಹೋಗಲೇಬೇಕು. ಆಟ ಮತ್ತೆ ಶುರುವಾದ ಮೇಲಷ್ಟೇ ರೆಫರಿಯ ಅನುಮತಿ ಪಡೆದು ವಾಪಸು ಬರಬಹುದು, ಅದೂ ಚೆಂಡು ಆಟದಲ್ಲಿದ್ದರೆ ಟಚ್‌ಲೈನ್ (ಮೈದಾನದ ಉದ್ದನೆಯ ಅಂಚಿನ ಗೆರೆ) ಕಡೆಯಿಂದ ಮಾತ್ರ. ಕೆಲವು ವಿನಾಯಿತಿಗಳಿವೆ: ಗಾಯಾಳು ಗೋಲ್‌ಕೀಪರ್ ಆಗಿದ್ದರೆ, ಕೀಪರ್‌ಗೂ ಇನ್ನೊಬ್ಬನಿಗೂ ಡಿಕ್ಕಿಯಾಗಿದ್ದರೆ, ಒಂದೇ ತಂಡದ ಇಬ್ಬರು ಡಿಕ್ಕಿ ಹೊಡೆದುಕೊಂಡಿದ್ದರೆ, ಗಾಯ ತೀವ್ರವಾಗಿದ್ದರೆ, ಪೆನಾಲ್ಟಿ ಒದೆಯಬೇಕಾದವನೇ ಗಾಯಾಳುವಾಗಿದ್ದರೆ.

ಇನ್ನೊಂದು ವಿನಾಯಿತಿ 2016ರಲ್ಲಿ ಸೇರಿದ್ದು. ಗಾಯ ಮಾಡಿದ ಎದುರಾಳಿಗೆ ಕಾರ್ಡ್ ಸಿಕ್ಕರೆ, ಚಿಕಿತ್ಸೆ ಬೇಗ ಮುಗಿಯುವಂತಿದ್ದರೆ, ಗಾಯಾಳು ಒಳಗೇ ಉಳಿಯಬಹುದು. ಪೆಟ್ಟು ತಿಂದ ತಂಡವೇ ಹತ್ತು ಜನರಿಂದ ಆಡುವ ಅನ್ಯಾಯ ತಪ್ಪಿಸಲು ಬಂದ ಒಳ್ಳೆಯ ನಿಯಮ ಇದು. ಆದರೆ ನಿಮ್ಮ ಹುಡುಗರು ಕಾರ್ಡ್‌ಗಾಗಿ ಅಷ್ಟು ಕೂಗಾಡುವುದಕ್ಕೆ ಇದೂ ಒಂದು ಕಾರಣ ಇದ್ದೀತು. ಕಾರ್ಡ್ ಬಂದರೆ ಎದುರಾಳಿಗೂ ಹೊಡೆತ, ಸ್ಟ್ರೈಕರ್ ಕೂಡ ಮೈದಾನದಲ್ಲೇ. ಕಾರ್ಡ್ ಬರದಿದ್ದರೆ ಅವನು ಟಚ್‌ಲೈನ್ ಆಚೆ ನಿಂತು ಕೈ ಎತ್ತಿ ಕಾಯಬೇಕು. ಇಂಗ್ಲೆಂಡಿನ ಪ್ರೀಮಿಯರ್ ಲೀಗ್ 2023–24ರ ಋತುವಿನಲ್ಲಿ ಆ ಕಾಯುವಿಕೆಯನ್ನು ಆಟ ಶುರುವಾದ ಮೇಲೆ ಕನಿಷ್ಠ 30 ಸೆಕೆಂಡು ಎಂದು ಗೊತ್ತುಮಾಡಿತು. ಅಮೆರಿಕದ ಮೇಜರ್ ಲೀಗ್ ಸಾಕರ್ 2024ರಲ್ಲಿ ಇನ್ನೂ ಬಿಗಿ ಮಾಡಿತು: 15 ಸೆಕೆಂಡಿಗಿಂತ ಹೆಚ್ಚು ಹೊತ್ತು ಬಿದ್ದುಕೊಂಡಿದ್ದು ಫಿಸಿಯೊ ಬರಬೇಕಾಯಿತೆಂದರೆ ಎರಡು ನಿಮಿಷ ಹೊರಗೆ. ತಲೆಪೆಟ್ಟಿಗೆ, ಗೋಲ್‌ಕೀಪರ್‌ಗೆ, ಕಾರ್ಡ್ ಬಿದ್ದ ಫೌಲ್‌ಗೆ ಇದು ಅನ್ವಯಿಸದು. ನಿಮ್ಮ ಲೀಗ್‌ನಲ್ಲಿ ಇಂಥ ಗಡುವು ಇದೆಯೇ ಎಂದು ಋತು ಶುರುವಾಗುವ ಮೊದಲೇ ಕೇಳಿಟ್ಟುಕೊಳ್ಳಿ.

ಈ ನಿಯಮ ಗೊತ್ತಿದ್ದರೆ ಮೈದಾನದಲ್ಲಿ ಮಾಡಬೇಕಾದದ್ದು ಸಲೀಸು. ಬಿದ್ದವನ ಬಳಿಗೆ ಹೋಗುವುದು ಒಬ್ಬನೇ, ಹತ್ತಿರ ಇದ್ದವನು. ಅವನು ಮುಖದ ಕಡೆ ಮಂಡಿಯೂರಿ ಕೂತು ಮೂರು ಪ್ರಶ್ನೆ ಕೇಳಲಿ: "ಎಲ್ಲಿ ನೋವು? ಕಾಲು ಊರೋಕಾಗುತ್ತಾ? ಫಿಸಿಯೊ ಕರೀಲಾ?" ಮೂರನೆಯದೇ ಮುಖ್ಯ. ಫಿಸಿಯೊ ಬಂದರೆ ಹೊರಗೆ ಹೋಗಬೇಕು ಎಂಬುದು ಗೊತ್ತಿರುವವನು, ನೋವು ಇಲ್ಲದಿದ್ದರೆ, "ಬೇಡ ಬೇಡ" ಅಂದು ತಾನೇ ಎದ್ದು ಕೂರುತ್ತಾನೆ. ನಿಜವಾಗಿ ನೋಯುತ್ತಿರುವವನು "ಕರಿ" ಅನ್ನುತ್ತಾನೆ, ಇಲ್ಲವೆ ಉತ್ತರಿಸುವ ಸ್ಥಿತಿಯಲ್ಲೇ ಇರುವುದಿಲ್ಲ. ಎರಡೂ ಸಂದರ್ಭದಲ್ಲಿ ನಿಮ್ಮ ಹುಡುಗ ಅವಮಾನದ ಒಂದು ಮಾತೂ ಆಡಬೇಕಾಗಿ ಬರಲಿಲ್ಲ. ಬೆಂಚಿಗೆ ತಿಳಿಸಲು ಸಂಕೇತ ಮೊದಲೇ ಗೊತ್ತುಮಾಡಿಕೊಳ್ಳಿ. ತಲೆಯ ಮೇಲೆ ಎರಡೂ ಕೈ ಅಡ್ಡ ಕಟ್ಟಿದರೆ "ಬನ್ನಿ", ಹೆಬ್ಬೆರಳು ಎತ್ತಿದರೆ "ಬೇಕಿಲ್ಲ" ಎಂದಿರಲಿ. ಕೈ ಹಿಡಿದು ದರದರ ಎಳೆದು ಎಬ್ಬಿಸುವುದಂತೂ ಕೂಡದು, ಅದು ನಮ್ಮವನಾದರೂ ಸರಿ, ಎದುರಾಳಿಯಾದರೂ ಸರಿ. ಕುತ್ತಿಗೆಗೋ ಮೊಣಕಾಲಿಗೋ ನಿಜವಾಗಿ ಪೆಟ್ಟಾಗಿದ್ದರೆ ಆ ಎಳೆತದಲ್ಲೇ ಹಾನಿ ಹೆಚ್ಚುತ್ತದೆ. ಎದುರಾಳಿಯನ್ನು ಎಳೆದರೆ ಹತ್ತೇ ಸೆಕೆಂಡಿನಲ್ಲಿ ಜಗಳ, ನಾಟಕ ಮಾಡಿದವನು ಬಚಾವಾಗಿ ಎಳೆದವನಿಗೆ ಕಾರ್ಡ್.

ರೆಫರಿಯ ಬಳಿಗೆ ಹೋಗುವುದು ನೀವೊಬ್ಬರೇ. 2024ರ ಯೂರೊ ಕಪ್‌ನಲ್ಲಿ ರೆಫರಿ ಜೊತೆ ಕ್ಯಾಪ್ಟನ್ ಮಾತ್ರ ಮಾತಾಡಬೇಕು ಎಂಬ ಪದ್ಧತಿ ತಂದರು, ಆಮೇಲೆ ಬೇರೆ ಕಡೆಗೂ ಹಬ್ಬಿತು. ನಿಮ್ಮ ಲೀಗ್‌ನಲ್ಲಿ ಇಲ್ಲದಿದ್ದರೂ ನೀವೇ ರೂಢಿ ಮಾಡಿಕೊಳ್ಳಬಹುದು. ಉಳಿದ ಎಂಟು ಮಂದಿ ತಮ್ಮ ಜಾಗದಲ್ಲಿ ನಿಂತು ಒಬ್ಬ ಕಡಿಮೆ ಇದ್ದಂತೆ ಸಾಲು ಸರಿಮಾಡಿಕೊಳ್ಳಲಿ. ಸ್ಟ್ರೈಕರ್ ಬಿದ್ದಿದ್ದರೆ ಎದುರು ತಂಡದ ಡಿಫೆಂಡರ್‌ಗಳ ಮೇಲೆ ಒತ್ತಡ ಹಾಕುವವರೇ ಇಲ್ಲ ಎಂದಾಯಿತು. ಅಂಚಿನಲ್ಲಿ ಆಡುವ ವಿಂಗರ್ ಒಳಗೆ ಸರಿದು ಆ ಜಾಗ ಹಿಡಿಯಬೇಕು. ಕೂಗಾಡಲು ಹೋದ ತಂಡ ಗೋಲ್ ತಿನ್ನುವುದು ಇಂಥ ಹೊತ್ತಿನಲ್ಲೇ.

ಸೀಟಿಯವರೆಗೆ ಆಡಬೇಕು ಎಂಬುದಕ್ಕೆ ಎರಡು ಗೋಲ್‌ಗಳು ನೆನಪಿನಲ್ಲಿರಲಿ. 2021ರ ಜುಲೈನಲ್ಲಿ ಯೂರೊ ಕ್ವಾರ್ಟರ್‌ಫೈನಲ್, ಇಟಲಿ–ಬೆಲ್ಜಿಯಂ. ಇಟಲಿಯ ಚೀರೊ ಇಮ್ಮೊಬಿಲೆ ಪೆನಾಲ್ಟಿ ಬಾಕ್ಸ್‌ನಲ್ಲಿ ಬಿದ್ದು ನರಳುತ್ತಿದ್ದರು. ನಿಕೊಲೊ ಬರೆಲ್ಲಾ ಅತ್ತ ನೋಡದೆ ಆಟ ಮುಂದುವರಿಸಿ ಗೋಲ್ ಹೊಡೆದರು. ಇಮ್ಮೊಬಿಲೆ ನೋವು ಮರೆತು ಚಂಗನೆ ಎದ್ದು ಸಂಭ್ರಮಿಸಲು ಓಡಿದರು. ಜಗತ್ತೆಲ್ಲ ನಕ್ಕಿತು, ನಗಲಿ. ಸಹ ಆಟಗಾರ ಮಾಡಬೇಕಾದದ್ದನ್ನು ಬರೆಲ್ಲಾ ಮಾಡಿದ್ದರು. ಇನ್ನೊಂದು 2008ರ ಯೂರೊದ ನೆದರ್ಲೆಂಡ್ಸ್–ಇಟಲಿ ಪಂದ್ಯದ್ದು. ಇಟಲಿಯ ಕ್ರಿಶ್ಚಿಯನ್ ಪನೂಚ್ಚಿ ತಮ್ಮದೇ ಕೀಪರ್ ಬುಫೋನ್‌ಗೆ ಡಿಕ್ಕಿಯಾಗಿ ಗೋಲ್‌ಲೈನ್ ಆಚೆ ಬಿದ್ದಿದ್ದರು. ಅದು ನಟನೆಯಾಗಿರಲಿಲ್ಲ. ವಾನ್ ನಿಸ್ಟಲ್‌ರೂಯ್ ಗೋಲ್ ಹೊಡೆದಾಗ ಇಟಲಿ ಅದನ್ನು ಆಫ್‌ಸೈಡ್ (ಜೊತೆಯವನು ಚೆಂಡು ಒದೆಯುವಾಗ ಎದುರು ತಂಡದ ಕೊನೆಯಿಂದ ಎರಡನೆಯವನಿಗಿಂತ ಮುಂದೆ ಇರುವ ತಪ್ಪು) ಅಂದುಕೊಂಡಿತ್ತು, ಗೋಲ್ ನಿಂತಿತು. ಅನುಮತಿ ಇಲ್ಲದೆ ಹೊರಗಿರುವ ಡಿಫೆಂಡರ್‌ನನ್ನು ಆಫ್‌ಸೈಡ್ ಲೆಕ್ಕದಲ್ಲಿ ಗೋಲ್‌ಲೈನ್ ಮೇಲೆ ಇದ್ದಂತೆಯೇ ಎಣಿಸುತ್ತಾರೆ. ಡಿಫೆಂಡರ್ ಗೆರೆಯ ಆಚೆ ಬಿದ್ದುಕೊಂಡರೆ ತನ್ನ ತಂಡದ ಆಫ್‌ಸೈಡ್ ಬಲೆಯನ್ನೇ ಹರಿದಂತೆ.

ನೋವಿನ ಬಗ್ಗೆ ಒಂದು ಎಚ್ಚರಿಕೆ. ಅರ್ಧ ನಿಮಿಷ ನರಳಿ ಆಮೇಲೆ ಚಿರತೆಯಂತೆ ಓಡಿದನೆಂದು ಸುಳ್ಳುಗಾರ ಅನ್ನಬೇಡಿ. ಮೊಣಕಾಲಿನ ಕೆಳಗೆ ಮುಂದುಗಡೆ ಮೂಳೆಯ ಮೇಲಿರುವುದು ಬರೀ ತೆಳು ಚರ್ಮ. ಅಲ್ಲಿ ಬೂಟಿನಡಿಯ ಸ್ಟಡ್ ಬಡಿದರೆ ಕಣ್ಣು ಕತ್ತಲೆ ಬರುವಷ್ಟು ನೋವು, ಒಂದು ನಿಮಿಷದಲ್ಲಿ ಇಳಿದೂ ಹೋಗುತ್ತದೆ. ಪಾದದ ಕೀಲಿನ ಗುಬಟಿಗೆ ಬಿದ್ದ ಪೆಟ್ಟೂ ಹಾಗೆಯೇ.

ಸುಳ್ಳಿನ ಗುರುತುಗಳ ಬಗ್ಗೆ ಪೋರ್ಟ್ಸ್‌ಮತ್ ವಿಶ್ವವಿದ್ಯಾಲಯದ ಪಾಲ್ ಮಾರಿಸ್ ಅಧ್ಯಯನ ಮಾಡಿದ್ದಾರೆ. ತಾಗಿದ್ದಕ್ಕೂ ಬಿದ್ದದ್ದಕ್ಕೂ ನಡುವೆ ತಡ, ತಳ್ಳಿದ ದಿಕ್ಕು ಬಿಟ್ಟು ಬೇರೆ ದಿಕ್ಕಿಗೆ ಹಾರುವುದು, ತಾಗಿದ ಜಾಗ ಒಂದು ಹಿಡಿದುಕೊಂಡ ಜಾಗ ಇನ್ನೊಂದು. ಎಲ್ಲಕ್ಕಿಂತ ಎದ್ದು ಕಾಣುವುದು ಹೆದೆಯೇರಿಸಿದ ಬಿಲ್ಲಿನ ಭಂಗಿ: ತಲೆ ಹಿಂದಕ್ಕೆ, ಎದೆ ಮುಂದಕ್ಕೆ, ಎರಡೂ ಕೈ ಮೇಲೆ, ಮಂಡಿ ಮಡಚಿ ಕಾಲು ನೆಲ ಬಿಟ್ಟಿರುತ್ತವೆ. ನಿಜವಾಗಿ ಆಯ ತಪ್ಪಿದವನ ಕೈ ನೆಲದ ಕಡೆ ಹೋಗುತ್ತದೆ, ಆಕಾಶಕ್ಕಲ್ಲ. ನಿಮ್ಮ ಸ್ಟ್ರೈಕರ್ ಭುಜಕ್ಕೆ ತಾಗಿದರೆ ಮುಖ ಹಿಡಿಯುತ್ತಾನೆ ಎಂದಿದ್ದೀರಿ, ಅದು ಮೂರನೆಯ ಗುರುತು. 2002ರ ವಿಶ್ವಕಪ್‌ನಲ್ಲಿ ಟರ್ಕಿಯ ಹಕನ್ ಉನ್ಸಾಲ್ ಒದ್ದ ಚೆಂಡು ಕಾಲಿಗೆ ಬಡಿದಾಗ ಬ್ರೆಜಿಲ್‌ನ ರಿವಾಲ್ಡೊ ಮುಖ ಹಿಡಿದು ಬಿದ್ದದ್ದೂ ಇದೇ ಜಾತಿಯದು. ಉನ್ಸಾಲ್ ಕೆಂಪು ಕಾರ್ಡ್ ಪಡೆದು ಹೊರಹೋದರು, ರಿವಾಲ್ಡೊಗೆ ಆಮೇಲೆ ಫಿಫಾ ದಂಡ ಹಾಕಿತು. ಆದರೆ ಈ ಗುರುತುಗಳು ವಿಡಿಯೊ ಮುಂದೆ ಕೂತಾಗ ಬಳಸಲಿಕ್ಕೆ. ಮೈದಾನದಲ್ಲಿ ಇವನ್ನು ನಂಬಿ ಯಾರನ್ನೂ ಬಿದ್ದಲ್ಲೇ ಬಿಟ್ಟು ಹೋಗಬೇಡಿ.

ಏಕೆಂದರೆ ಅತಿ ಗಂಭೀರ ಗಾಯಗಳಲ್ಲಿ ಹಲವು ಸದ್ದಿಲ್ಲದೆ ಆಗುತ್ತವೆ, ಹತ್ತಿರದಲ್ಲಿ ಎದುರಾಳಿಯೇ ಇರುವುದಿಲ್ಲ. ಓಡುತ್ತಿದ್ದವನು ತೊಡೆಯ ಹಿಂಭಾಗ ಹಿಡಿದು ಗಕ್ಕನೆ ನಿಂತರೆ ಹ್ಯಾಮ್‌ಸ್ಟ್ರಿಂಗ್. ಹಿಮ್ಮಡಿಯ ಮೇಲೆ ಯಾರೋ ಒದ್ದರೆಂದು ಹಿಂತಿರುಗಿ ನೋಡುತ್ತಾನೆ, ಹಿಂದೆ ಯಾರೂ ಇಲ್ಲ: ಅಕಿಲಿಸ್ ಸ್ನಾಯುರಜ್ಜು ಹರಿದಿರಬಹುದು. ಯಾರೂ ತಾಗದೆ ಕುಸಿದವನು ಕರೆದರೆ ಓಗೊಡುತ್ತಿಲ್ಲ, ಸರಿಯಾಗಿ ಉಸಿರಾಡುತ್ತಿಲ್ಲ ಎಂದರೆ ಹೃದಯ ನಿಂತಿದೆ ಎಂದೇ ತಿಳಿಯಿರಿ. ಕೈಕಾಲು ಅದುರಿದರೂ ನಡುನಡುವೆ ಏದುಸಿರು ಬಂದರೂ ಮೋಸಹೋಗಬೇಡಿ. ಒಬ್ಬ ಆಂಬುಲೆನ್ಸ್ ಮತ್ತು ಎಇಡಿ (ಹೃದಯಕ್ಕೆ ವಿದ್ಯುತ್ ಆಘಾತ ಕೊಡುವ) ಯಂತ್ರಕ್ಕೆ ಓಡಲಿ, ಇನ್ನೊಬ್ಬ ಎದೆಯ ನಡುವೆ 5–6 ಸೆಂ.ಮೀ. ಆಳಕ್ಕೆ ನಿಮಿಷಕ್ಕೆ 100ರಿಂದ 120ರಂತೆ ಒತ್ತಲು ತೊಡಗಲಿ. 2021ರ ಜೂನ್ 12ರಂದು ಕೋಪನ್‌ಹೇಗನ್‌ನಲ್ಲಿ ಕ್ರಿಶ್ಚಿಯನ್ ಎರಿಕ್ಸನ್ ಕುಸಿದಾಗ ಡೆನ್ಮಾರ್ಕ್ ಕ್ಯಾಪ್ಟನ್ ಸಿಮೊನ್ ಕೇರ್ ತಕ್ಷಣ ಅವರ ಬಳಿಗೆ ಧಾವಿಸಿದರು, ವೈದ್ಯರು ಬಂದ ಮೇಲೆ ಸಹ ಆಟಗಾರರನ್ನು ಸುತ್ತ ಗೋಡೆಯಂತೆ ನಿಲ್ಲಿಸಿದರು. ತಲೆಗೆ ಪೆಟ್ಟಾದಾಗಲೂ ಅಷ್ಟೇ ಗಂಭೀರವಾಗಿರಿ. ಗೊಂದಲ, ವಾಂತಿ, ಎರಡೆರಡು ಕಾಣುವುದು, ಕುತ್ತಿಗೆ ನೋವು, ಇವುಗಳಲ್ಲಿ ಒಂದಿದ್ದರೂ ಆ ದಿನದ ಆಟ ಮುಗಿಯಿತು. ಅವನು "ಆಡ್ತೀನಿ" ಅಂದರೂ ಕೇಳಬೇಡಿ. ಈ ಒಂದು ಗಾಯದ ವಿಷಯದಲ್ಲಿ ಆಟಗಾರರು ನಟಿಸುವುದು ನೋವಿಲ್ಲ ಎಂದು.

ಮುಂದಿರುವಾಗ ಏಳದಿರುವ ಚಾಳಿಗೆ ಮದ್ದು ಬೇರೆ. ಹೋದ ಸಮಯವನ್ನು 7ನೇ ನಿಯಮದಂತೆ ರೆಫರಿ ಕೊನೆಗೆ ಸೇರಿಸುತ್ತಾರೆ. 2022ರ ವಿಶ್ವಕಪ್‌ನ ಇಂಗ್ಲೆಂಡ್–ಇರಾನ್ ಪಂದ್ಯದಲ್ಲಿ ಇರಾನ್ ಕೀಪರ್‌ಗೆ ನಿಜವಾಗಿಯೇ ಪೆಟ್ಟಾದಾಗ ಮೊದಲರ್ಧಕ್ಕೇ 14 ನಿಮಿಷ ಸೇರಿತ್ತು. ಹಾಗಾಗಿ ಬಿದ್ದುಕೊಂಡವನು ಉಳಿಸುವುದು ಸಮಯವನ್ನಲ್ಲ, ಮುರಿಯುವುದು ಎದುರಾಳಿಯ ಲಯವನ್ನು. ಕೀಪರ್ ಹೊರಗೆ ಹೋಗಬೇಕಿಲ್ಲವಾದ್ದರಿಂದ ಆ ಕೆಲಸ ಹೆಚ್ಚಾಗಿ ಅವನ ಪಾಲಿಗೆ ಬರುತ್ತದೆ. ಕೀಪರ್ ಕೂತ ಕೂಡಲೇ ಉಳಿದ ಹತ್ತೂ ಜನ ಟಚ್‌ಲೈನ್‌ಗೆ ಓಡಿ ಸಲಹೆ ಕೇಳಲು ಕೋಚ್ ಸುತ್ತ ನೆರೆದರೆ ಗುಟ್ಟು ರಟ್ಟು. ನೀವು ಮಾಡಬೇಕಾದದ್ದು ಸುಲಭ: ನಿಮ್ಮವರು ಜಾಗ ಬಿಟ್ಟು ಕದಲದಂತೆ ನೋಡಿಕೊಳ್ಳಿ. ಸಭೆ ಸೇರದಿದ್ದರೆ ಕೀಪರ್ ಕೂತೂ ಪ್ರಯೋಜನವಿಲ್ಲ. ಕೊನೆಯ ಹತ್ತು ನಿಮಿಷದಲ್ಲಿ ಮೀನಖಂಡ ಹಿಡಿದುಕೊಂಡಿತು ಎಂದು ಮಲಗುವವರಿಗೆ ಫಿಸಿಯೊ ಬೇಕಿಲ್ಲ. ಮಂಡಿ ನೆಟ್ಟಗೆ ಮಾಡಿ ಕಾಲ್ಬೆರಳುಗಳನ್ನು ಮೊಣಕಾಲಿನ ಕಡೆ ಒತ್ತಿ 20–30 ಸೆಕೆಂಡು ಹಿಡಿಯಿರಿ. ನಿಜವಾದ ಸೆಳೆತ ಸಡಿಲವಾಗುತ್ತದೆ, ಸುಳ್ಳು ಸೆಳೆತಕ್ಕೆ ಮಲಗಿರಲು ನೆಪ ಉಳಿಯುವುದಿಲ್ಲ.

ರೆಫರಿಗೆ ನಿಜ ಹೇಳಬೇಕೇ? ನಮ್ಮ ಅಭಿಪ್ರಾಯ ನೇರವಾಗಿ ಹೇಳುತ್ತೇವೆ, ಒಪ್ಪುವುದು ಬಿಡುವುದು ನಿಮಗೆ ಸೇರಿದ್ದು. ನಡುಮೈದಾನದ ಒಂದು ಫ್ರೀ ಕಿಕ್‌ಗಾಗಿ ನಿಮ್ಮವನನ್ನು ನೀವೇ ಹಿಡಿದುಕೊಡಬೇಕಿಲ್ಲ. ಸುಮ್ಮನಿರಿ, ಆದರೆ ಸುಳ್ಳಿಗೆ ಹೂಂಗುಟ್ಟಬೇಡಿ. ಪೆನಾಲ್ಟಿ ಅಥವಾ ಎದುರಾಳಿಗೆ ಕೆಂಪು ಕಾರ್ಡ್ ಆದರೆ, ಮತ್ತು ನೀವು ಕಣ್ಣಾರೆ ಕಂಡಿದ್ದರೆ, ಮೊದಲು ಬಿದ್ದವನ ಬಳಿ ಹೋಗಿ "ನೀನೇ ಹೇಳು" ಅನ್ನಿ. ಆಟ ಮತ್ತೆ ಶುರುವಾಗುವ ಮುನ್ನ ರೆಫರಿ ತೀರ್ಮಾನ ಬದಲಿಸಬಹುದು, ಹಾಗಾಗಿ ಇದಕ್ಕೆ ಅರ್ಧ ನಿಮಿಷವಷ್ಟೇ ಇರುತ್ತದೆ. 2014ರ ಮಾರ್ಚ್‌ನಲ್ಲಿ ವೆರ್ಡರ್ ಬ್ರೆಮನ್‌ನ ಆರನ್ ಹಂಟ್ ನ್ಯೂರೆಂಬರ್ಗ್ ವಿರುದ್ಧ ಡೈವ್ ಹೊಡೆದು ಪೆನಾಲ್ಟಿ ಗಿಟ್ಟಿಸಿ, ಎದ್ದು ಹೋಗಿ ಫೌಲ್ ಆಗಿಲ್ಲ ಎಂದು ತಾವೇ ರೆಫರಿಗೆ ಹೇಳಿದರು. ಪೆನಾಲ್ಟಿ ರದ್ದಾಯಿತು, ಪಂದ್ಯವನ್ನೂ ಅವರ ತಂಡವೇ ಗೆದ್ದಿತು. ಯಾವಾಗಲೂ ಹೀಗೇ ಆಗುತ್ತದೆ ಎಂದೇನಿಲ್ಲ. 1997ರಲ್ಲಿ ಲಿವರ್‌ಪೂಲ್‌ನ ರಾಬಿ ಫೌಲರ್ ಆರ್ಸೆನಲ್ ಕೀಪರ್ ಸೀಮನ್ ತನಗೆ ತಾಗಿಲ್ಲ ಎಂದು ಹೇಳಿದರೂ ರೆಫರಿ ಪೆನಾಲ್ಟಿ ಕೊಟ್ಟೇ ಕೊಟ್ಟರು. ಫೌಲರ್ ಒದ್ದದ್ದನ್ನು ಸೀಮನ್ ತಡೆದರು, ಮರಳಿ ಬಂದ ಚೆಂಡನ್ನು ಲಿವರ್‌ಪೂಲ್‌ನವರೇ ಆದ ಮೆಕಾಟಿಯರ್ ಗೋಲ್‌ಗೆ ಹೊಡೆದರು. ಬಿದ್ದವನು ಒಪ್ಪದಿದ್ದರೆ, ಕೆಂಪು ಕಾರ್ಡ್ ಆಗಿದ್ದರೆ, ನೀವೇ ಹೇಳಿ. ಒಬ್ಬ ನಿರಪರಾಧಿ ಮುಂದಿನ ಪಂದ್ಯವನ್ನೂ ಕಳೆದುಕೊಳ್ಳುತ್ತಾನೆ.

ಎದುರು ತಂಡದವನು ಬಿದ್ದಾಗ ಚೆಂಡನ್ನು ಹೊರಗೆ ಹೊಡೆಯಬೇಕೆಂದು ಯಾವ ನಿಯಮವೂ ಹೇಳುವುದಿಲ್ಲ. ಅದೊಂದು ಮರ್ಯಾದೆ, ಆ ಮರ್ಯಾದೆಯನ್ನೇ ನಾಟಕದವರು ದುಡಿಸಿಕೊಳ್ಳುವುದು. ತಲೆಪೆಟ್ಟು, ಅಲುಗಾಡದ ದೇಹ, ಕೀಪರ್ ಬಿದ್ದು ಗೋಲ್ ಖಾಲಿ, ಈ ಮೂರರಲ್ಲಿ ನಿಲ್ಲಿಸಿ. 2000ದ ಡಿಸೆಂಬರ್‌ನಲ್ಲಿ ವೆಸ್ಟ್‌ಹ್ಯಾಮ್‌ನ ಪಾವ್ಲೊ ಡಿ ಕಾನಿಯೊ ಎವರ್ಟನ್ ಕೀಪರ್ ಬಿದ್ದಿದ್ದನ್ನು ಕಂಡು, ಗೋಲ್ ಹೊಡೆಯಬಹುದಾದ ಚೆಂಡನ್ನು ಕೈಯಲ್ಲಿ ಹಿಡಿದು ನಿಂತರು. ಉಳಿದಂತೆ ಆಡಿ, ನಿಲ್ಲಿಸುವುದು ರೆಫರಿ ಕೆಲಸ. ನಿಲ್ಲಿಸಿದ ಆಟವನ್ನು ರೆಫರಿ ಚೆಂಡು ಕೆಳಗೆ ಬಿಟ್ಟು ಮತ್ತೆ ಶುರುಮಾಡುವ ಡ್ರಾಪ್ ಬಾಲ್ 2019ರಿಂದ ಚೆಂಡು ಹೊಂದಿದ್ದ ತಂಡಕ್ಕೇ ಸಿಗುತ್ತದೆ, ಉಳಿದವರೆಲ್ಲ 4 ಮೀಟರ್ ದೂರ; ಪೆನಾಲ್ಟಿ ಬಾಕ್ಸ್‌ನೊಳಗೆ ನಿಂತಿದ್ದರೆ ಮಾತ್ರ ಅದು ಆ ಗೋಲ್ ಕಾಯುವ ಕೀಪರ್‌ಗೆ. ಹಾಗಾಗಿ ಎದುರಾಳಿಯ ಬಾಕ್ಸ್‌ನ ಹೊರಗೆ ರೆಫರಿ ನಿಲ್ಲಿಸಿದರೆ ಚೆಂಡು ನಿಮ್ಮ ಕೈತಪ್ಪುವುದಿಲ್ಲ. ನಿಲ್ಲಿಸುತ್ತೀರೋ ಆಡುತ್ತೀರೋ ಎಂಬುದನ್ನು ಪಂದ್ಯಕ್ಕೆ ಮೊದಲೇ ನಿಮ್ಮವರಿಗೆ ಹೇಳಿಡಿ. 2019ರ ಏಪ್ರಿಲ್‌ನ ಲೀಡ್ಸ್–ಆಸ್ಟನ್ ವಿಲಾ ಪಂದ್ಯ ಕೆಟ್ಟದ್ದೇ ಆ ಗೊಂದಲದಲ್ಲಿ. ವಿಲಾ ಆಟಗಾರ ಬಿದ್ದಿದ್ದಾಗ ಲೀಡ್ಸ್ ಗೋಲ್ ಹೊಡೆಯಿತು, ತಳ್ಳಾಟವಾಯಿತು. ಕೋಚ್ ಬಿಯೆಲ್ಸಾ ಎದುರಾಳಿಗೆ ಗೋಲ್ ಬಿಟ್ಟುಕೊಡಿ ಎಂದರೆ ಲೀಡ್ಸ್‌ನದೇ ಡಿಫೆಂಡರ್ ಪೊಂಟಸ್ ಯಾನ್ಸನ್ ತಡೆಯಲು ಓಡಿದರು. ಅದೇ ತಳ್ಳಾಟದಲ್ಲಿ ಲೀಡ್ಸ್‌ನ ಪ್ಯಾಟ್ರಿಕ್ ಬ್ಯಾಮ್‌ಫರ್ಡ್ ಮುಖಕ್ಕೆ ಪೆಟ್ಟು ಬಿದ್ದಂತೆ ಕುಸಿದು ವಿಲಾದ ಅನ್ವರ್ ಎಲ್ ಗಾಜಿಗೆ ಕೆಂಪು ಕಾರ್ಡ್ ಕೊಡಿಸಿದರು. ಆಮೇಲೆ ಆ ಕಾರ್ಡ್ ರದ್ದಾಗಿ ಬ್ಯಾಮ್‌ಫರ್ಡ್‌ಗೆ ಎರಡು ಪಂದ್ಯಗಳ ನಿಷೇಧ ಬಿತ್ತು.

ಕೊನೆಗೆ ನಿಮ್ಮ ಸ್ಟ್ರೈಕರ್. ಪಂದ್ಯದ ದಿನ ಏನೂ ಹೇಳಬೇಡಿ. ಮಾರನೆಯ ದಿನ ಅವನೊಬ್ಬನನ್ನೇ ಕೂರಿಸಿ ಎರಡು ತುಣುಕು ತೋರಿಸಿ: ಒಂದರಲ್ಲಿ ನಟಿಸಿರಬೇಕು, ಇನ್ನೊಂದರಲ್ಲಿ ನಿಜವಾಗಿ ಫೌಲ್ ಆಗಿದ್ದೂ ರೆಫರಿ ನಂಬಿರಬಾರದು. ಎರಡನೆಯದು ನಿಮ್ಮ ಬಳಿ ಖಂಡಿತ ಇರುತ್ತದೆ, ಇಂಥವರೆಲ್ಲರ ಕಥೆಯೂ ಅದೇ. ಮಾತಿಗಿಂತ ಅಭ್ಯಾಸದ ಆಟ ಹೆಚ್ಚು ಕೆಲಸ ಮಾಡುತ್ತದೆ. ಐವರ ಎದುರು ಐವರು, ಹತ್ತು ನಿಮಿಷ. ಬಿದ್ದವನು ಐದು ಎಣಿಸುವುದರಲ್ಲಿ ಏಳದಿದ್ದರೆ ಒಂದು ನಿಮಿಷ ಹೊರಗೆ, ಅವನ ತಂಡ ನಾಲ್ವರಲ್ಲೇ ಆಡಬೇಕು. ತಲೆಪೆಟ್ಟಿಗೆ ಈ ಎಣಿಕೆ ಇಲ್ಲ. ಮೊದಲ ವಾರದಲ್ಲೇ ಜೊತೆಯವರು "ಏಳೋ ಮಾರಾಯ" ಎಂದು ಕೂಗಲು ಶುರುಮಾಡುತ್ತಾರೆ, ನೀವು ಬಾಯಿ ತೆರೆಯಬೇಕಿಲ್ಲ. ನಟನೆಗೆ ಹಳದಿ ಕಾರ್ಡ್ ಪಡೆದವನು ಮುಂದಿನ ಪಂದ್ಯವನ್ನು ಬೆಂಚಿನಿಂದ ಆರಂಭಿಸಬೇಕೆಂಬ ಕಟ್ಟಳೆಯನ್ನು ತಂಡವೆಲ್ಲ ಕೂತು ಒಪ್ಪಿಕೊಳ್ಳಿ. ದುಡ್ಡಿನ ದಂಡ ಬೇಡ. ಕಟ್ಟಿದವನು ಲೆಕ್ಕ ಚುಕ್ತಾ ಆಯಿತೆಂದುಕೊಳ್ಳುತ್ತಾನೆ.

ಕೋಚ್ ಜೊತೆ ನೀತಿಯ ಮಾತು ತೆಗೆಯಬೇಡಿ, ಅವರು ಅದನ್ನು ಕೇಳಿ ಕೇಳಿ ಗಟ್ಟಿಯಾಗಿರುತ್ತಾರೆ. ಸ್ಟ್ರೈಕರ್ ಬಿದ್ದುಕೊಂಡ ಹೊತ್ತಿನಲ್ಲಿ ತಂಡ ಹತ್ತು ಜನರಿಂದ ಆಡಿದ್ದು ಎಷ್ಟು ನಿಮಿಷ, ಆಗ ಎದುರಾಳಿ ಗೋಲ್‌ಗೆ ಎಷ್ಟು ಸಲ ಹೊಡೆದ, ನಮಗೆ ಎಷ್ಟು ಕಾರ್ಡ್ ಬಿತ್ತು ಎಂದು ನಾಲ್ಕು ಪಂದ್ಯ ಬರೆದಿಟ್ಟು ಆ ಹಾಳೆಯನ್ನು ಅವರ ಕೈಗೆ ಕೊಡಿ. ನಟನೆಯಿಂದ ಸಿಕ್ಕ ಫ್ರೀ ಕಿಕ್‌ಗಳನ್ನೂ ಅದೇ ಹಾಳೆಯಲ್ಲಿ ಬರೆಯಿರಿ, ಇಲ್ಲವಾದರೆ ಅವರು ಮೊದಲು ಕೇಳುವುದೇ ಅದನ್ನು.

— ಸಂಪಾದಕ